ಬ್ರಾಯ್ಲರ್‌ನಲ್ಲಿ ಪ್ರೋಟೀನ್ ಪಚನ ಅಳೆಯಲು ಹಿಕ್ಕೆ ಸಾಕಾ, ಕರುಳೇ ತೆಗೆಯಬೇಕಾ?

ಕಾಳಿದಂಡೆ (ಕಾರವಾರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೋಳಿ ಆಹಾರದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ, ಊರು ಕಾರವಾರ. ಬೈತಖೋಲ್ ಬಂದರಿನ ಕಡೆ ಶೆಟ್ಲಿ (ಸಿಗಡಿ) ಸುಲಿದ ಮೇಲೆ ತಲೆ, ಸಿಪ್ಪೆ ಎಲ್ಲ ಉಳಿಯುತ್ತದಲ್ಲ, ಅದನ್ನು ಒಣಗಿಸಿ ಪುಡಿ ಮಾಡಿ ಬ್ರಾಯ್ಲರ್ ಮೇವಿನಲ್ಲಿ ಸೋಯಾ ಹಿಂಡಿಯ ಜಾಗದಲ್ಲಿ ಸ್ವಲ್ಪ ಹಾಕಬಹುದಾ ಅಂತ ನೋಡುವುದು ನನ್ನ ವಿಷಯ. ಮೊದಲು ಅದರ ಪ್ರೋಟೀನ್ ಎಷ್ಟು ಪಚನವಾಗುತ್ತದೆ ಅಂತ ಗೊತ್ತಾಗಬೇಕು.

ನಮ್ಮಲ್ಲಿ ಹಳೆಯ ಪದ್ಧತಿ ಅಂದರೆ ಪಂಜರದ ಕೆಳಗೆ ತಟ್ಟೆ ಇಟ್ಟು ಹಿಕ್ಕೆ ಪೂರ್ತಿ ಸಂಗ್ರಹಿಸುವುದು. ಪ್ರೋಟೀನಿನ ಲೆಕ್ಕ ಸಾರಜನಕದಿಂದ; ತಿಂದ ಸಾರಜನಕ ಎಷ್ಟು, ಹೊರಬಂದದ್ದು ಎಷ್ಟು, ವ್ಯತ್ಯಾಸವೇ ಪಚನ. ಕೋಳಿ ಕೊಲ್ಲಬೇಕಾಗಿಲ್ಲ, ಖರ್ಚೂ ಕಡಿಮೆ. ಆದರೆ ಈಗಿನ ಲೇಖನಗಳಲ್ಲಿ ಎಲ್ಲರೂ ಇಲಿಯಂನಿಂದ, ಅಂದರೆ ಸಣ್ಣ ಕರುಳಿನ ಕೊನೆಯ ಭಾಗದಿಂದ, ಮಾದರಿ ತೆಗೆಯುತ್ತಾರೆ, ಮೇವಿಗೆ ಗುರುತಾಗಿ ಟೈಟಾನಿಯಂ ಡೈಆಕ್ಸೈಡ್ ಹಾಕುತ್ತಾರೆ. ಅಷ್ಟು ರಗಳೆ ನಿಜಕ್ಕೂ ಬೇಕಾ? ಗೈಡ್ ಸರ್ ಎರಡಕ್ಕೂ ಒಪ್ಪುತ್ತಾರೆ, ನೀನೇ ಕಾರಣ ಕೊಡು ಅನ್ನುತ್ತಾರೆ. ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ) ನಮ್ಮಲ್ಲಿ ಇಲ್ಲ, ಒಂದು ಸಾಧಾರಣ ಓವನ್ ಇದೆ. ಪ್ರಯೋಗ ಶುರುವಾಗುವುದು ಆಗಸ್ಟ್ ಹೊತ್ತಿಗೆ, ಅಂದರೆ ಮಳೆಯಲ್ಲೇ. ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ.

ಲ್ಯಾಬ್_ಬೆಂಚು ಉತ್ತರ:

ಕರುಳೇ ಬೇಕು. ಪ್ರೋಟೀನ್ ವಿಷಯದಲ್ಲಿ ಹಿಕ್ಕೆ ಸಾಲುವುದಿಲ್ಲ. ಕಾರಣ ಬಹಳ ಸರಳ, ಕೋಳಿಗೆ ಮೂತ್ರಕ್ಕೆ ಬೇರೆ ದಾರಿ ಇಲ್ಲ. ಹಸುವಿನಲ್ಲಿ ಸಗಣಿ ಬೇರೆ, ಗಂಜಲ ಬೇರೆ ಹಿಡಿಯಬಹುದು. ಕೋಳಿಯಲ್ಲಿ ಎರಡೂ ಒಂದೇ ಬಾಯಿಂದ ಬರುತ್ತವೆ. ಹಿಕ್ಕೆ ಮೇಲೆ ಬಿಳಿ ಪದರ ಕಾಣುತ್ತದಲ್ಲ, ಅದು ಯೂರಿಕ್ ಆಸಿಡ್. ಅದರ ತೂಕದಲ್ಲಿ ಮೂರನೇ ಒಂದು ಪಾಲು ಸಾರಜನಕವೇ. ಅದು ಪಚನವಾಗದೆ ಉಳಿದ ಪ್ರೋಟೀನ್ ಅಲ್ಲ. ಕರುಳು ಹೀರಿಕೊಂಡು, ರಕ್ತಕ್ಕೆ ಹೋಗಿ, ಮೈಗೆ ಬೇಡವಾಗಿ, ಕಿಡ್ನಿಯಿಂದ ಹೊರಬಿದ್ದದ್ದು. ನೀವು ಹಿಕ್ಕೆ ತೂಗಿ ಸಾರಜನಕ ಲೆಕ್ಕ ಹಾಕಿದರೆ ಸಿಗುವುದು ಮೈಯಲ್ಲಿ ಎಷ್ಟು ಉಳಿಯಿತು ಅನ್ನುವುದು. ಪಚನ ಎಷ್ಟಾಯಿತು ಅಂತ ಅದು ಹೇಳುವುದಿಲ್ಲ.

ನಿಮ್ಮ ಮಾದರಿಗೆ ಇದು ಇನ್ನೂ ದೊಡ್ಡ ಸಮಸ್ಯೆ. ಶೆಟ್ಲಿ ಪುಡಿಯಲ್ಲಿ ಪ್ರೋಟೀನ್ ಕಟ್ಟುವ ಅಮೈನೋ ಆಸಿಡ್‌ಗಳ ಹೊಂದಾಣಿಕೆ ಸರಿ ಇಲ್ಲದಿದ್ದರೆ, ಚೆನ್ನಾಗಿ ಪಚನವಾದ ಪ್ರೋಟೀನ್ ಕೂಡ ಯೂರಿಕ್ ಆಸಿಡ್ ಆಗಿ ಹೊರಗೆ ಹೋಗುತ್ತದೆ. ಆಗ ನಿಮ್ಮ ಲೆಕ್ಕ "ಇದು ಪಚನವಾಗುವುದಿಲ್ಲ" ಅನ್ನುತ್ತದೆ. ಪಾಪ, ಪುಡಿಯ ತಪ್ಪೇ ಇಲ್ಲ.

ಯೂರಿಕ್ ಆಸಿಡ್ ಬೇರೆ ಅಳೆದು ಕಳೆಯಬಹುದಲ್ವಾ ಅಂತ ಕೇಳುವವರಿದ್ದಾರೆ. ಹಾಗೆ ಮಾಡಿದವರೂ ಇದ್ದಾರೆ. ಆದರೂ ಸೀಕಂ ಉಳಿಯುತ್ತದೆ. ಸಣ್ಣ ಕರುಳು ಮುಗಿಯುವಲ್ಲಿ ಎರಡು ಚೀಲದ ಹಾಗೆ ಇರುತ್ತವಲ್ಲ, ಅವು. ಅಲ್ಲಿನ ಬ್ಯಾಕ್ಟೀರಿಯಾ ಉಳಿದ ಪ್ರೋಟೀನನ್ನು ಒಡೆದು ಅಮೋನಿಯಾ ಮಾಡುತ್ತವೆ, ತಮ್ಮದೇ ಪ್ರೋಟೀನನ್ನೂ ಸೇರಿಸುತ್ತವೆ. ಅದರಿಂದ ಕೋಳಿಗೆ ಅಮೈನೋ ಆಸಿಡ್ ರೂಪದಲ್ಲಿ ಹೆಚ್ಚು ಲಾಭ ಇಲ್ಲ, ನಿಮ್ಮ ಅಂಕಿ ಮಾತ್ರ ಬದಲಾಗುತ್ತದೆ. ಸೀಕಂ ತೆಗೆದ ದೊಡ್ಡ ಹುಂಜಗಳಿಗೆ ಅಳತೆ ಮಾಡಿದ ಆಹಾರವನ್ನು ನೇರ ಅನ್ನಚೀಲಕ್ಕೆ ತುರುಕಿ ಹಿಕ್ಕೆ ಹಿಡಿಯುವ ವಿಧಾನವೂ ಇದೆ. ಅದರ ಬೇರು ಸಿಬ್ಬಾಲ್ಡ್ 1976ರಲ್ಲಿ ಶಕ್ತಿ ಅಳೆಯಲು ತಂದ ಪದ್ಧತಿಯಲ್ಲಿದೆ. ಕಚ್ಚಾವಸ್ತುಗಳನ್ನು ಬೇಗ ಹೋಲಿಸಲು ಚೆನ್ನಾಗಿದೆ. ಆದರೆ ಬೆಳೆದ ಹುಂಜ ಬೇರೆ, ಮೂರು ವಾರದ ಬ್ರಾಯ್ಲರ್ ಮರಿ ಬೇರೆ.

ಇಲಿಯಂ ವಿಧಾನ ಕೇಳಿದಷ್ಟು ಕಷ್ಟ ಅಲ್ಲ. ಸಾಮಾನ್ಯವಾಗಿ 21ರಿಂದ 28 ದಿನದ ಮರಿಗಳನ್ನು ತೆಗೆದುಕೊಳ್ಳುತ್ತಾರೆ. ಪರೀಕ್ಷೆಯ ಮೇವಿಗೆ ಕನಿಷ್ಠ ನಾಲ್ಕೈದು ದಿನ ಹೊಂದಿಕೊಳ್ಳಲು ಬಿಡಿ. ಮೇವಿನಲ್ಲಿ ಕೆಜಿಗೆ 5 ಗ್ರಾಂ ಟೈಟಾನಿಯಂ ಡೈಆಕ್ಸೈಡ್. ಅದು ಪಚನವಾಗುವುದಿಲ್ಲ, ಹೀರಿಕೆಯೂ ಆಗುವುದಿಲ್ಲ, ಹಾಗಾಗಿ ಉಳಿದದ್ದು ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಪೂರ್ತಿ ಹಿಕ್ಕೆ ಹಿಡಿಯುವ, ಚೆಲ್ಲಿದ ಮೇವು ತೂಗುವ ಕೆಲಸವೇ ಇಲ್ಲ.

ಒಂದು ಲೆಕ್ಕ ಸುಮ್ನೆ ಉದಾಹರಣೆಗೆ. ಒಣ ತೂಕದಲ್ಲಿ ಮೇವಿನ ಕೆಜಿಗೆ ಸಾರಜನಕ 32 ಗ್ರಾಂ, ಅಂದರೆ 6.25ರಿಂದ ಗುಣಿಸಿದರೆ 200 ಗ್ರಾಂ ಪ್ರೋಟೀನ್. ಟೈಟಾನಿಯಂ 5 ಗ್ರಾಂ. ಇಲಿಯಂ ಮಾದರಿಯಲ್ಲಿ ಸಾರಜನಕ 20 ಗ್ರಾಂ, ಟೈಟಾನಿಯಂ 17 ಗ್ರಾಂ ಸಿಕ್ಕಿತು ಅಂತ ಇಟ್ಟುಕೊಳ್ಳಿ. 5ನ್ನು 17ರಿಂದ ಭಾಗಿಸಿ, ಅದನ್ನು 20/32ರಿಂದ ಗುಣಿಸಿ, 1ರಿಂದ ಕಳೆಯಿರಿ. 0.816 ಬರುತ್ತದೆ. ಪಚನ 81.6 ಶೇಕಡ. ಅದೇ ಕೋಳಿಯ ಹಿಕ್ಕೆಯಲ್ಲಿ ಸಾರಜನಕ 45, ಟೈಟಾನಿಯಂ 18 ಇದ್ದರೆ ಲೆಕ್ಕ 61 ಶೇಕಡಕ್ಕೆ ಇಳಿಯುತ್ತದೆ. ಕೋಳಿ ಒಂದೇ, ಮೇವು ಒಂದೇ, ನಡುವೆ 20 ಅಂಕ ಮಾಯ.

ಶಿರಸಿ_ಶೆಡ್ ಉತ್ತರ:

ಬೇಜಾರು ಮಾಡಿಕೊಳ್ಳಬೇಡಿ, ಸಾಕುವವನ ಮಾತು ಒಂದು ಹೇಳುತ್ತೇನೆ. ಇಷ್ಟೆಲ್ಲ ಕರುಳು ಕೊಯ್ದು ಎಂತ ಮಾಡುವುದು? ನಮಗೆ ಬೇಕಾದದ್ದು ಎಫ್‌ಸಿಆರ್. ಎಷ್ಟು ಕೆಜಿ ಫೀಡ್ ತಿಂದು ಎಷ್ಟು ಕೆಜಿ ತೂಕ ಬಂತು. ಎರಡು ಗುಂಪು ಮಾಡಿ, ಒಂದಕ್ಕೆ ಶೆಟ್ಲಿ ಪುಡಿ ಹಾಕಿ, ಇನ್ನೊಂದಕ್ಕೆ ಬೇಡ. 40 ದಿನ ಬಿಟ್ಟು ತೂಗಿ. ಮುಗಿಯಿತು. ಟೈಟಾನಿಯಂ ಅಂತೆ, ಇಲಿಯಂ ಅಂತೆ, ಇದೆಲ್ಲ ಲೇಖನ ಬರೆಯಲಿಕ್ಕೆ ಮಾತ್ರ ಅಂತ ನನಗೆ ಅನಿಸುತ್ತದೆ.

ಇನ್ನೊಂದು, ಒಣ ಮೀನು, ಶೆಟ್ಲಿ ಹಾಕಿದರೆ ಮಾಂಸಕ್ಕೆ ವಾಸನೆ ಬರುವುದಿಲ್ವಾ? ಘಟ್ಟದ ಮೇಲಿನ ಗಿರಾಕಿಗಳು ಬಿಡುವುದಿಲ್ಲ.

ಲ್ಯಾಬ್_ಬೆಂಚು ಉತ್ತರ:

ಶಿರಸಿಯವರೇ, ಬೇಜಾರು ಎಂತದ್ದು. ಬೆಳವಣಿಗೆ ಪ್ರಯೋಗ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಫ್‌ಸಿಆರ್ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಅದು ಹೇಳುವುದಿಲ್ಲ. ಶೆಟ್ಲಿ ಪುಡಿಯಲ್ಲಿ ಉಪ್ಪು ಜಾಸ್ತಿ ಇರಬಹುದು. ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಾ ಇರುತ್ತದೆ, ಅದು ಹೊಟ್ಟೆಯ ಆಮ್ಲವನ್ನು ತಗ್ಗಿಸಿ, ಪ್ರೋಟೀನ್ ಒಡೆಯುವ ಕಿಣ್ವ ಪೆಪ್ಸಿನ್‌ನ ಕೆಲಸಕ್ಕೆ ಅಡ್ಡ ಬರಬಹುದು. ಲೈಸಿನ್ ಎಂಬ ಅಮೈನೋ ಆಸಿಡ್‌ನ ಕೊರತೆ ಇರಬಹುದು. ರುಚಿ ಹಿಡಿಸದೆ ಮರಿ ಕಡಿಮೆ ತಿಂದಿರಬಹುದು. ಎಲ್ಲದರ ಫಲ ತಕ್ಕಡಿಯಲ್ಲಿ ಒಂದೇ ತರ ಕಾಣುತ್ತದೆ. ಪಚನದ ಅಂಕಿ ಇದ್ದರೆ ಎಷ್ಟು ಲೈಸಿನ್, ಎಷ್ಟು ಮೆಥಿಯೋನಿನ್ ನಿಜಕ್ಕೂ ಕೋಳಿಗೆ ಸಿಗುತ್ತದೆ ಅಂತ ನೋಡಿ ಕೊರತೆಯಷ್ಟನ್ನೇ ಸೇರಿಸಬಹುದು.

ನಿಮ್ಮ ಶೆಡ್‌ಗೂ ಇದರ ಸಂಬಂಧ ಇದೆ. ಮೇವಿನ ಚೀಲದ ಮೇಲೆ 22 ಶೇಕಡ ಪ್ರೋಟೀನ್ ಅಂತ ಬರೆದಿರುತ್ತದೆ, ಅದು ಬರೀ ಸಾರಜನಕ ಗುಣಿಸು 6.25. ಪಚನವಾಗದ್ದು, ಪಚನವಾಗಿಯೂ ಹೆಚ್ಚಾದದ್ದು, ಎರಡೂ ಕೊನೆಗೆ ಲಿಟರ್‌ಗೇ (ಶೆಡ್ ನೆಲದ ಹಾಸಿಗೆ) ಬೀಳುತ್ತವೆ. ಮಳೆಗಾಲದಲ್ಲಿ ಲಿಟರ್ ಒದ್ದೆಯಾದಾಗ ಅದೇ ಯೂರಿಕ್ ಆಸಿಡ್ ಅಮೋನಿಯಾ ಆಗುತ್ತದೆ. ಬೆಳಗ್ಗೆ ಪರದೆ ಎತ್ತಿದ ಕೂಡಲೇ ಕಣ್ಣು ಉರಿಯುತ್ತದಲ್ಲ, ಅದರ ಮೂಲ ಇದು.

ವಾಸನೆ ವಿಷಯ ಹೌದು. ಮೀನಿನ ಎಣ್ಣೆ ಅಂಶ ಜಾಸ್ತಿ ಇದ್ದರೆ ಮಾಂಸಕ್ಕೆ ಬರುತ್ತದೆ. ಕೊನೆಯ ಹಂತದ ಮೇವಿನಲ್ಲಿ ಕಡಿಮೆ ಮಾಡುವುದು, ಇಲ್ಲವೇ ಬಿಡುವುದು ಒಳ್ಳೆಯದು.

ಒಣಮೀನು_ಲೆಕ್ಕ (ಕುಮಟಾ) ಉತ್ತರ:

ಕಾಳಿದಂಡೆ, ಪಚನಕ್ಕೆ ಹೋಗುವ ಮೊದಲು ಒಂದು ಕೇಳುತ್ತೇನೆ. ಆ ಪುಡಿಯಲ್ಲಿ ಇರುವುದು ಎಷ್ಟು ಪ್ರೋಟೀನ್ ಅಂತ ನಿಮಗೆ ಗೊತ್ತಿದೆಯಾ? ಕೆಲ್ಡಾಲ್ (ಸಾರಜನಕ ಅಳೆಯುವ ಪರೀಕ್ಷೆ) ಮಾಡಿ 40 ಶೇಕಡ ಅಂತ ಬಂದಿರಬಹುದು. ಅದನ್ನು ನಂಬಬೇಡಿ.

ಸಿಪ್ಪೆ ಅಂದರೆ ಕೈಟಿನ್. ಕೈಟಿನ್‌ನಲ್ಲಿ ಸಾರಜನಕ ಸುಮಾರು 6.9 ಶೇಕಡ. 6.25ರಿಂದ ಗುಣಿಸಿದರೆ ಶುದ್ಧ ಕೈಟಿನ್ ಕೂಡ 43 ಶೇಕಡ ಪ್ರೋಟೀನ್ ಅಂತ ತೋರಿಸುತ್ತದೆ, ಅದರಲ್ಲಿ ಅಮೈನೋ ಆಸಿಡ್ ಒಂದೂ ಇಲ್ಲದಿದ್ದರೂ. ನಿಮ್ಮ ಪುಡಿಯಲ್ಲಿ 12 ಶೇಕಡ ಕೈಟಿನ್ ಇದ್ದರೆ ಆ 40ರಲ್ಲಿ ಸುಮಾರು 5 ಸುಳ್ಳು ಪ್ರೋಟೀನ್. ಕೋಳಿಯ ಹೊಟ್ಟೆಯಲ್ಲಿ ಕೈಟಿನ್ ಒಡೆಯುವ ಕಿಣ್ವ ಸ್ವಲ್ಪ ಇದೆ, ಹಾಗಂತ ಅದು ಸ್ನಾಯು ಕಟ್ಟುವ ಪ್ರೋಟೀನ್ ಆಗುವುದಿಲ್ಲ. ಮತ್ತೆ ಆ ಕೈಟಿನ್ ಬಹುಪಾಲು ಹಾಗೇ ಇಲಿಯಂವರೆಗೆ ಬಂದರೆ, ಅದರ ಸಾರಜನಕವನ್ನು ನೀವು "ಪಚನವಾಗದ ಪ್ರೋಟೀನ್" ಅಂತ ಬರೆಯುತ್ತೀರಿ. ಅಲ್ಲಿ ಇರುವ ಪ್ರೋಟೀನ್ ಚೆನ್ನಾಗಿ ಪಚನವಾಗಿದ್ದರೂ ಹೆಸರು ಕೆಡುತ್ತದೆ. ಹಾಗಾಗಿ ಬರೀ ಸಾರಜನಕದ ಪಚನ ಬರೆದು ನಿಲ್ಲಿಸಬೇಡಿ. ದುಡ್ಡು ಇದ್ದರೆ ಮೇವು ಮತ್ತು ಇಲಿಯಂ ಎರಡರ ಅಮೈನೋ ಆಸಿಡ್ ಮಾಡಿಸಿ. ಕನಿಷ್ಠ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್. ಮೆಥಿಯೋನಿನ್ ಮತ್ತು ಸಿಸ್ಟೀನ್‌ಗೆ ಮೊದಲು ಪರ್ಫಾರ್ಮಿಕ್ ಆಸಿಡ್ ಹಂತ ಬೇಕು, ಇಲ್ಲದಿದ್ದರೆ ಆಸಿಡ್‌ನಲ್ಲಿ ಕುದಿಸುವಾಗ ಹಾಳಾಗುತ್ತವೆ. ಕಳಿಸುವ ಲ್ಯಾಬ್‌ಗೆ ಇದನ್ನು ಬಾಯಿಬಿಟ್ಟು ಕೇಳಿ.

ಹಳಸಿದ ಮಾಲಿನಲ್ಲಿ ಅಮೋನಿಯಾ, ಟ್ರೈಮೀಥೈಲ್ ಅಮೈನ್ ಇರುತ್ತವೆ, ಅವೂ ಸಾರಜನಕ ಅಂತಲೇ ಲೆಕ್ಕಕ್ಕೆ ಬರುತ್ತವೆ. ಇನ್ನು ಹೊರಗಿನಿಂದ ಮೀನಿನ ಪುಡಿ ಕೊಂಡು ಹೋಲಿಸುವುದಾದರೆ ಯೂರಿಯಾ ಪರೀಕ್ಷೆ ಬಿಡಬೇಡಿ. ಯೂರಿಯಾದಲ್ಲಿ ಸಾರಜನಕ 46 ಶೇಕಡ. ಕ್ವಿಂಟಾಲಿಗೆ ಒಂದು ಕೆಜಿ ಬೆರೆಸಿದರೆ ಪ್ರೋಟೀನ್ ಸುಮಾರು 2.9 ಅಂಕ ಏರಿದ ಹಾಗೆ ಕಾಣುತ್ತದೆ. ಹೀಗೆ ಮಾಡುವವರು ಇದ್ದಾರೆ, ಸಂಶಯ ಬೇಡ.

ಬೇಗ ಒಂದು ಅಂದಾಜು ಬೇಕಾದರೆ ಲ್ಯಾಬ್‌ನಲ್ಲೇ ಪೆಪ್ಸಿನ್ ಪರೀಕ್ಷೆ ಮಾಡಿ. ಆದರೆ 0.2 ಶೇಕಡ ಪೆಪ್ಸಿನ್ ಹಾಕಿದರೆ ಕೆಟ್ಟ ಮಾಲೂ ಒಳ್ಳೆಯದರ ಹಾಗೆ ಕಾಣುತ್ತದೆ, ಅಷ್ಟು ಜೋರು ಅದು. 0.002 ಶೇಕಡದಲ್ಲಿ ಮಾಡಿದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ವ್ಯತ್ಯಾಸ ಗೊತ್ತಾಗುತ್ತದೆ. ನಾಲ್ಕಾರು ಕಡೆಯ ಮಾಲಿನಲ್ಲಿ ಯಾವುದನ್ನು ಕೋಳಿಗೆ ಹಾಕಬೇಕು ಅಂತ ಆರಿಸಲು ಇಷ್ಟು ಸಾಕು.

ಕಾಳಿದಂಡೆ:

ತುಂಬಾ ಉಪಕಾರ. ಕೈಟಿನ್ ವಿಷಯ ನನ್ನ ಪ್ರಸ್ತಾವದಲ್ಲಿ ಒಂದು ಸಾಲು ಇತ್ತು, ಲೆಕ್ಕದಲ್ಲಿ ಇರಲಿಲ್ಲ, ಸೇರಿಸುತ್ತೇನೆ. ಕರುಳೇ ತೆಗೆಯುವುದು ಅಂತ ಆಯಿತು. ಈಗ ನಾಲ್ಕು ಪ್ರಶ್ನೆ ಒಟ್ಟಿಗೇ ಕೇಳಿಬಿಡುತ್ತೇನೆ. ಟೈಟಾನಿಯಂ ಬದಲು ಆಮ್ಲದಲ್ಲಿ ಕರಗದ ಬೂದಿ ಅಳೆದರೆ ಆಗುವುದಿಲ್ವಾ, ಅದಕ್ಕೆ ಬರೀ ಮಫಲ್ ಫರ್ನೇಸ್ (ಬೂದಿ ಮಾಡುವ ಕುಲುಮೆ) ಸಾಕು. ಕೋಳಿಗಳನ್ನು ನಮ್ಮಲ್ಲಿರುವ ಡೀಪ್ ಲಿಟರ್ ಶೆಡ್‌ನಲ್ಲೇ ಇಡಬಹುದಾ? ಫ್ರೀಜ್ ಡ್ರೈಯರ್ ಇಲ್ಲದೆ ಏನು ಮಾಡಲಿ? ಮತ್ತೆ ಶೆಟ್ಲಿ ಪುಡಿಯೊಂದನ್ನೇ ಪ್ರೋಟೀನ್ ಮೂಲವಾಗಿ ಕೊಡಬೇಕಾ, ಸೋಯಾ ಜೊತೆ ಬೆರೆಸಬೇಕಾ?

ಲ್ಯಾಬ್_ಬೆಂಚು ಉತ್ತರ:

ಕರಗದ ಬೂದಿ ಬೇರೆ ಕಡೆ ಒಳ್ಳೆಯ ಗುರುತು, ಮೇವಿಗೆ ಸೀಲೈಟ್ ಎಂಬ ಸಿಲಿಕಾ ಪುಡಿ ಬೆರೆಸಿ ಬಳಸುತ್ತಾರೆ. ಆದರೆ ನಿಮ್ಮ ಮಾಲು ಎಲ್ಲಿ ಒಣಗಿದ್ದು? ಹೊಯಿಗೆ (ಮರಳು) ಮೇಲೆ ತಾನೇ? ಹೊಯಿಗೆ ಪೂರ್ತಿ ಕರಗದ ಬೂದಿಯೇ. ಅದು ಮೇವಿನಲ್ಲಿ ಸಮವಾಗಿ ಹರಡುವುದಿಲ್ಲ, ಗಿಜರ್ಡ್‌ನಲ್ಲಿ (ಕಾಳು ಅರೆಯುವ ಹೊಟ್ಟೆಯ ಭಾಗ) ನಿಲ್ಲುತ್ತದೆ, ಒಂದು ಮಾದರಿಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಅಕ್ಕಿ ತೌಡು ಹಾಕಿದ್ದರೆ ಅದರ ಸಿಲಿಕಾ ಬೇರೆ. ನಿಮಗೆ ಟೈಟಾನಿಯಂ ಸರಿ. ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕುದಿಸಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಕಿತ್ತಳೆ ಹಳದಿ ಬಣ್ಣ ಬರುತ್ತದೆ, ಅದನ್ನು 410 ನ್ಯಾನೋಮೀಟರ್ ಬೆಳಕಿನಲ್ಲಿ ಓದುವುದು. ಸಿಪ್ಪೆಯ ಕ್ಯಾಲ್ಸಿಯಂ ಸಲ್ಫ್ಯೂರಿಕ್ ಜೊತೆ ಸೇರಿ ಬಿಳಿ ಗಸಿ ಆಗುತ್ತದೆ, ಓದುವ ಮೊದಲು ಚೆನ್ನಾಗಿ ಸೋಸಿ. ಕ್ರೋಮಿಕ್ ಆಕ್ಸೈಡ್ ಹಳೆಯ ಪದ್ಧತಿ, ಆರೋಗ್ಯದ ದೃಷ್ಟಿಯಿಂದ ಬೇಡ.

ಡೀಪ್ ಲಿಟರ್ ಬೇಡವೇ ಬೇಡ. ಮರಿಗಳು ಭತ್ತದ ಹೊಟ್ಟು, ಹಿಕ್ಕೆ ಎಲ್ಲ ಕುಕ್ಕಿ ತಿನ್ನುತ್ತವೆ. ತಂತಿ ತಳದ ಪಂಜರದಲ್ಲಿ ಇಡಿ. ಒಂದು ಕೋಳಿಯ ಇಲಿಯಂನಲ್ಲಿ ಸಿಗುವುದು ಬಹಳ ಸ್ವಲ್ಪ. ಒಂದು ಪಂಜರದ ಎಲ್ಲ ಕೋಳಿಗಳದ್ದು ಸೇರಿಸಿ ಒಂದು ಮಾದರಿ ಮಾಡಿ. ಲೆಕ್ಕಕ್ಕೆ ಪಂಜರವೇ ಒಂದು ಘಟಕ, ಕೋಳಿ ಅಲ್ಲ. ಪ್ರತಿ ಮೇವಿಗೆ ಆರರಿಂದ ಎಂಟು ಪಂಜರ ಇಟ್ಟುಕೊಳ್ಳಿ.

ಇನ್ನು ಕೊಯ್ಯುವ ದಿನದ ವಿಷಯ. ಕೋಳಿಯನ್ನು ಹಸಿವಿನಲ್ಲಿ ಇಡಬೇಡಿ. ಅಂಗಡಿಯವರು ಕೊಯ್ಯುವ ಮೊದಲು ಮೇವು ನಿಲ್ಲಿಸುವ ಹಾಗೆ ನೀವೂ ನಿಲ್ಲಿಸಿದರೆ ಇಲಿಯಂ ಖಾಲಿ ಸಿಗುತ್ತದೆ. ಮೇವು ಎದುರಿಗೆ ಇರಲಿ, ಬೆಳಕು ಇರಲಿ. ಕೊಂದ ಕೂಡಲೇ ಹೊಟ್ಟೆ ತೆರೆಯಿರಿ. ತಡ ಮಾಡಿದಷ್ಟೂ ಕರುಳಿನ ಒಳಪದರ ಕಳಚಿ ಮಾದರಿಗೆ ಸೇರುತ್ತದೆ, ಅದೂ ಪ್ರೋಟೀನೇ. ಮೆಕೆಲ್ ಗಂಟು ಅಂತ ಸಣ್ಣ ಕರುಳಿನಲ್ಲಿ ಒಂದು ಪುಟ್ಟ ಉಬ್ಬು ಇದೆ, ಅಲ್ಲಿಂದ ಸೀಕಂ ಸೇರುವ ಜಾಗದ ತನಕ ಇಲಿಯಂ. ಅದರ ಕೆಳಗಿನ ಅರ್ಧ ಮಾತ್ರ ತೆಗೆದುಕೊಳ್ಳಿ, ಸೀಕಂ ಹತ್ತಿರದ ಒಂದೆರಡು ಸೆಂಟಿಮೀಟರ್ ಬಿಡಿ. ಬೆರಳಿನಿಂದ ಹಿಂಡಬೇಡಿ, ಡಿಸ್ಟಿಲ್ಡ್ ನೀರು ಸಿರಿಂಜಿನಿಂದ ಮೆಲ್ಲಗೆ ಬಿಟ್ಟು ತೊಳೆದುಕೊಳ್ಳಿ. ಇದಕ್ಕೆಲ್ಲ ಮೊದಲು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿ ಇರಬೇಕು, ಆಮೇಲೆ ಬರೆದು ಕೊಡುತ್ತೇನೆ ಅನ್ನುವ ಹಾಗಿಲ್ಲ.

ಫ್ರೀಜ್ ಡ್ರೈಯರ್ ಇಲ್ಲ ಅಂದರೆ ಮಾದರಿಯನ್ನು ಕೂಡಲೇ ಐಸ್‌ನಲ್ಲಿ ಇಟ್ಟು ಫ್ರೀಜರ್‌ಗೆ ಹಾಕಿ. ಆಮೇಲೆ ತಟ್ಟೆಯಲ್ಲಿ ತೆಳ್ಳಗೆ ಹರಡಿ 55ರಿಂದ 60 ಡಿಗ್ರಿಯಲ್ಲಿ ಒಣಗಿಸಿ. ಬೇಗ ಆಗಲಿ ಅಂತ 100 ಡಿಗ್ರಿಗೆ ಏರಿಸಿದರೆ ಲೈಸಿನ್ ಸಕ್ಕರೆಯ ಜೊತೆ ಸೇರಿ ಕೆಡುತ್ತದೆ. ಒಣಗಿದ ಮೇಲೆ ಗಾಳಿಯಾಡದ ಡಬ್ಬ. ಆಗಸ್ಟ್‌ನ ಕಾರವಾರದ ಗಾಳಿಯಲ್ಲಿ ಬಿಟ್ಟರೆ ಸಂಜೆಯೊಳಗೆ ನೀರು ಎಳೆದುಕೊಳ್ಳುತ್ತದೆ. ಹಾಗಾಗಿ ಒಣ ತೂಕ ಅದೇ ದಿನ ಬೇರೆ ತೆಗೆದು ಎಲ್ಲ ಅಂಕಿಯನ್ನು ಅದರ ಮೇಲೆ ಹಾಕಿ.

ಕೊನೆಯ ಪ್ರಶ್ನೆಯೇ ಕಷ್ಟದ್ದು. ಶೆಟ್ಲಿ ಪುಡಿಯೊಂದರಿಂದಲೇ 20 ಶೇಕಡ ಪ್ರೋಟೀನ್ ಕೊಡಲು ಹೋದರೆ ಮೇವಿನ ಅರ್ಧ ಅದೇ ಆಗುತ್ತದೆ, ಸುಣ್ಣ ಉಪ್ಪು ಎರಡೂ ಮಿತಿ ಮೀರುತ್ತವೆ, ಮರಿ ತಿನ್ನುವುದೂ ಇಲ್ಲ. ಬೆರೆಸಿಯೇ ಕೊಡಬೇಕು. ಮೆಕ್ಕೆಜೋಳ ಸೋಯಾದ ಮೂಲ ಮೇವು ಒಂದು, ಅದರ ಒಂದು ಪಾಲು ತೆಗೆದು ಪುಡಿ ಹಾಕಿದ್ದು ಇನ್ನೊಂದು. ವ್ಯತ್ಯಾಸದಿಂದ ಲೆಕ್ಕ. ಇಲ್ಲಿ ಒಂದು ಅಪಾಯ ಇದೆ. ಮೇವಿನ ಪ್ರೋಟೀನ್‌ನಲ್ಲಿ 30 ಶೇಕಡ ಪುಡಿಯಿಂದ ಬರುತ್ತದೆ ಅಂತ ಇಟ್ಟುಕೊಳ್ಳಿ. ಮೂಲ ಮೇವಿನ ಪಚನ 83, ಬೆರಕೆಯದ್ದು 78 ಆದರೆ ಪುಡಿಯದ್ದು 66 ಬರುತ್ತದೆ. ಬೆರಕೆಯ ಅಂಕಿ 78ರ ಬದಲು 77 ಅಂತ ಬಂದರೆ ಪುಡಿಯದ್ದು 63ಕ್ಕೆ ಇಳಿಯುತ್ತದೆ. ಒಂದು ಅಂಕದ ತಪ್ಪು ಮೂರು ಪಟ್ಟಾಗುತ್ತದೆ. ಪಂಜರ ಕಡಿಮೆ ಮಾಡಿ ಖರ್ಚು ಉಳಿಸುವ ಯೋಚನೆ ಇದ್ದರೆ ಇಲ್ಲೇ ಬಿಡಿ.

ಒಣಮೀನು_ಲೆಕ್ಕ ಉತ್ತರ:

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಇಲಿಯಂನಲ್ಲಿ ಇರುವ ಪ್ರೋಟೀನ್ ಎಲ್ಲ ಮೇವಿನದ್ದಲ್ಲ. ಕಿಣ್ವ, ಲೋಳೆ, ಉದುರಿದ ಕೋಶ, ಇವು ಕೋಳಿಯ ಸ್ವಂತದ್ದು. ಸಾರಜನಕ ಇಲ್ಲದ ಮೇವನ್ನು ಒಂದು ಗುಂಪಿಗೆ ಕೆಲವೇ ದಿನ ಕೊಟ್ಟು ಇದನ್ನು ಅಳೆಯುತ್ತಾರೆ. ತಿಂದ ಪ್ರತಿ ಕೆಜಿ ಒಣ ಮೇವಿಗೆ ಹೀಗೆ 10 ಗ್ರಾಂ ಪ್ರೋಟೀನ್ ಬರುತ್ತದೆ ಅಂದುಕೊಳ್ಳಿ. ಕೆಜಿಗೆ 200 ಗ್ರಾಂ ಪ್ರೋಟೀನ್ ಇರುವ ಮೇವಿನಲ್ಲಿ ಅದು 5 ಅಂಕ, 100 ಗ್ರಾಂ ಇರುವುದರಲ್ಲಿ 10 ಅಂಕ. ಈ ತಿದ್ದುಪಡಿ ಮಾಡದೆ ಸೋಯಾದ ಪಕ್ಕ ಕೊಬ್ಬರಿ ಹಿಂಡಿಯ ಹಾಗೆ ಕಡಿಮೆ ಪ್ರೋಟೀನ್ ಇರುವ ವಸ್ತುವನ್ನು ಇಟ್ಟರೆ ಹಿಂಡಿಗೆ ಅನ್ಯಾಯ. ಲೇಖನಗಳಲ್ಲಿ "ಸ್ಟ್ಯಾಂಡರ್ಡೈಸ್ಡ್" ಅಂತ ಬರೆಯುವುದು ಈ ತಿದ್ದಿದ ಅಂಕಿ. ತಿದ್ದದೆ ಇರುವ ಅಂಕಿಯನ್ನೂ ಜೊತೆಗೆ ಕೊಡಿ.

ಮಾಲಿನ ವಿಷಯ ಮರೆಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಸಮುದ್ರಕ್ಕೆ ಇಳಿಯುವುದಿಲ್ಲ. ಪ್ರಯೋಗ ಆಗಸ್ಟ್ ಅಂದರೆ ಮಾಲು ಮೇ ಒಳಗೇ ತೆಗೆದು, ಟಾರ್ಪಾಲಿನ ಮೇಲೆ ಒಣಗಿಸಿ, ಪೂರ್ತಿ ಒಟ್ಟಿಗೆ ಪುಡಿ ಮಾಡಿ ಬೆರೆಸಿಡಿ. ಅರ್ಧ ಮೇ ತಿಂಗಳದ್ದು, ಅರ್ಧ ಆಗಸ್ಟ್‌ನದ್ದು ಆದರೆ ಅವು ಎರಡು ಬೇರೆ ವಸ್ತು.

ಶಿರಸಿ_ಶೆಡ್ ಉತ್ತರ:

ಅಮೋನಿಯಾ ಮಾತು ಬಂದ ಮೇಲೆ ನಾನು ಸ್ವಲ್ಪ ಮೆತ್ತಗಾದೆ ಮಾರಾಯ್ರೆ. ಕಾಳಿದಂಡೆ, ಪಚನದ ಕೆಲಸ ಮುಗಿದು ಬೆಳವಣಿಗೆ ಪ್ರಯೋಗಕ್ಕೆ ಶೆಡ್ ಬೇಕಾದರೆ ಹೇಳಿ. ಆದರೆ ನನ್ನ ಷರತ್ತು, ಲಿಟರ್ ತೇವವನ್ನೂ ಅಳೆಯಬೇಕು. ಉಪ್ಪು ಜಾಸ್ತಿ ಇರುವ ಮಾಲು ಹಾಕಿದರೆ ಕೋಳಿ ನೀರು ಕುಡಿದು ಕುಡಿದು ಶೆಡ್ ಕೆಸರು ಮಾಡಿಬಿಡುತ್ತವೆ, ಅದು ನಿಮ್ಮ ಇಲಿಯಂನಲ್ಲಿ ಕಾಣುವುದಿಲ್ಲ.

ಕಾಳಿದಂಡೆ:

ಖಂಡಿತ ಅಳೆಯುತ್ತೇನೆ, ಶೆಡ್‌ಗೆ ಬಂದು ಮಾತಾಡುತ್ತೇನೆ. ಸಮಿತಿಗೆ ಅರ್ಜಿ ಈ ವಾರ ಬರೆಯುತ್ತೇನೆ, ಸಾರಜನಕ ಇಲ್ಲದ ಮೇವಿನ ಗುಂಪನ್ನೂ ಸೇರಿಸಿ. ಒಂದೇ ಒಂದು ಉಳಿಯಿತು. ಕೆಜಿಗೆ 5 ಗ್ರಾಂ ಟೈಟಾನಿಯಂ ಸಮವಾಗಿ ಬೆರೆಯುವುದು ಹೇಗೆ, ನಮ್ಮಲ್ಲಿ ಇರುವುದು ಸಣ್ಣ ಮಿಕ್ಸರ್.

ಲ್ಯಾಬ್_ಬೆಂಚು ಉತ್ತರ:

ನೇರ ಸುರಿಯಬೇಡಿ. ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟು ಒಂದೆರಡು ಕೆಜಿಯಲ್ಲಿ ಮೊದಲು ಕೈಯಿಂದ ಚೆನ್ನಾಗಿ ಕಲಸಿ, ಅದನ್ನು ಐದಾರು ಪಟ್ಟು ಮೇವಿಗೆ ಸೇರಿಸಿ, ಆಮೇಲೆ ಪೂರ್ತಿಗೆ. ಎಣ್ಣೆ ಹಾಕುವುದಿದ್ದರೆ ಕೊನೆಗೆ, ಇಲ್ಲದಿದ್ದರೆ ಪುಡಿ ಗಂಟು ಕಟ್ಟುತ್ತದೆ. ಬೆರೆಸಿದ ಮೇವಿನ ಬೇರೆ ಬೇರೆ ಜಾಗದಿಂದ ಐದಾರು ಮಾದರಿ ತೆಗೆದು ಟೈಟಾನಿಯಂ ಓದಿ ನೋಡಿ, ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಕೋಳಿಗೆ ಹಾಕಿ. ಲೆಕ್ಕಕ್ಕೆ ನೀವು ಹಾಕಿದ 5 ಬೇಡ, ಓದಿದಾಗ ಸಿಕ್ಕಿದ ಸಂಖ್ಯೆಯನ್ನೇ ಬಳಸಿ.